ಎಕ್ಸ್ ಶಾರ್ಪ್ ಬರಲಿಲ್ಲ, ಬಂದದ್ದು ಲಿಂಕ್ ಟು ಎಕ್ಸ್‌ಎಂಎಲ್

2002ರ ಕೊನೆಗೆ ಒಂದು ಗುಲ್ಲೆದ್ದಿತ್ತು: ಮೈಕ್ರೋಸಾಫ್ಟ್‌ನವರು ಎಕ್ಸ್‌ಎಂಎಲ್‌ಗೆಂದೇ (ಮಾಹಿತಿಯನ್ನು ಟ್ಯಾಗುಗಳ ನಡುವೆ ಇಟ್ಟು ಬರೆಯೋ ಫೈಲ್ ಮಾದರಿ) ಹೊಸ ಪ್ರೋಗ್ರಾಮಿಂಗ್ ಭಾಷೆ ಕಟ್ಟುತ್ತಿದ್ದಾರಂತೆ, ಹೆಸರು ಎಕ್ಸ್ ಶಾರ್ಪ್ ಅಂತೆ. ಆಗ ಎಕ್ಸ್‌ಎಂಎಲ್ ಜೊತೆ ಒದ್ದಾಡುತ್ತಿದ್ದ ನಮಗೆಲ್ಲ ಆಸೆ ಹುಟ್ಟಿದ್ದು ಸಹಜ. ಒಂದು ಟ್ಯಾಗ್ ಬರೆಯಲು ಎಲಿಮೆಂಟ್ (ಟ್ಯಾಗ್ ಮತ್ತು ಅದರೊಳಗಿನದು) ಸೃಷ್ಟಿಸು, ಒಳಗೆ ಪಠ್ಯ ತುಂಬು, ಅದನ್ನು ಸುತ್ತುವರಿದ ತಾಯಿ ಎಲಿಮೆಂಟಿಗೆ ಜೋಡಿಸು ಅಂತ ಮೂರು ಸಾಲು ಬೇಕಿತ್ತು.

ಆ ಹೆಸರಿನಲ್ಲಿ ಯಾವ ಭಾಷೆಯೂ ಅಂಗಡಿಗೆ ಬರಲಿಲ್ಲ. ಎರಿಕ್ ಮೈಯರ್, ವೊಲ್ಫ್ರಾಮ್ ಶುಲ್ಟೆ, ಗ್ಯಾವಿನ್ ಬಿಯರ್ಮನ್ ಅವರ ಸಂಶೋಧನೆ ಮೊದಲು ಝೆನ್ ಅಂತ, ಆಮೇಲೆ ಸಿ ಒಮೆಗಾ ಅಂತ ಹೊರಬಿತ್ತು. 2007ರಲ್ಲಿ ಅದರ ಸಾರ ಮೈಕ್ರೋಸಾಫ್ಟ್‌ನದೇ ಭಾಷೆ ಸಿ ಶಾರ್ಪ್ 3ರೊಳಗೆ ಲಿಂಕ್ ಆಗಿ, ಅಂದರೆ ಡೇಟಾವನ್ನು ಕೋಡಿನಲ್ಲೇ ಹುಡುಕಿ ತೆಗೆಯೋ ಸವಲತ್ತಾಗಿ ಇಳಿಯಿತು. ನಾನು ದಿನಾ ಬಳಸೋದು ಅದರ ಎಕ್ಸ್‌ಎಂಎಲ್ ಭಾಗವಾದ ಲಿಂಕ್ ಟು ಎಕ್ಸ್‌ಎಂಎಲ್ ಅನ್ನು. ವ್ಯಾಪಾರಿಗಳ ಇನ್‌ವಾಯ್ಸ್ ಫೈಲುಗಳನ್ನು ಓದಿ ಡೇಟಾಬೇಸ್‌ಗೆ ಹಾಕೋ ಕೆಲಸ ನನ್ನದು.

ಓದೋದಕ್ಕೆ ಇದು ಸೊಗಸು. ಎಲಿಮೆಂಟನ್ನು ನೇರ 'ಡೆಸಿಮಲ್' (ದಶಮಾಂಶ ಸಂಖ್ಯೆ) ಅಂತ ಕಾಸ್ಟ್ ಮಾಡಿದರೆ, ಅಂದರೆ ಆ ಬಗೆಗೆ ಬದಲಿಸಿದರೆ, ಮೊತ್ತ ಕೈಗೆ ಸಿಗುತ್ತೆ. ಟ್ಯಾಗೇ ಇಲ್ಲದಿರಬಹುದು ಅನ್ನಿಸಿದರೆ 'ಡೆಸಿಮಲ್' ಆದ ಮೇಲೆ ಪ್ರಶ್ನಾರ್ಥಕ ಚಿಹ್ನೆ ಹಾಕಿ. ಎಕ್ಸೆಪ್ಷನ್ (ಪ್ರೋಗ್ರಾಮಿನ ದೋಷ ಸೂಚನೆ) ಬದಲು ನಲ್, ಅಂದರೆ 'ಏನೂ ಇಲ್ಲ' ಅನ್ನೋ ಬೆಲೆ ಬರುತ್ತೆ. ಆದರೆ ನಮ್ಮೂರ ಫೈಲುಗಳಲ್ಲಿ ಮೊತ್ತ '1,25,000.00' ಅಂತ ಅಲ್ಪವಿರಾಮ ಹೊತ್ತೇ ಬರುತ್ತೆ, ಈ ಕಾಸ್ಟ್ ಅದನ್ನು ಕಂಡ ಕೂಡಲೇ ಫಾರ್ಮ್ಯಾಟ್ ಎಕ್ಸೆಪ್ಷನ್ ಎಸೆಯುತ್ತೆ. ಅಲ್ಲಿ ಮಾತ್ರ ಎಲಿಮೆಂಟಿನ ವ್ಯಾಲ್ಯೂ ತೆಗೆದು ಡೆಸಿಮಲ್ ಪಾರ್ಸ್‌ಗೆ ಕೊಡಿ, ಕಲ್ಚರ್ (ಯಾವ ದೇಶದ ರೀತಿಯಲ್ಲಿ ಸಂಖ್ಯೆ ಬರೆದಿದೆ ಅನ್ನೋದು) ಹೇಳೋದು ಮರೆಯಬೇಡಿ. ಲಕ್ಷದ ಅಲ್ಪವಿರಾಮಕ್ಕೆ ಅದು ತಕರಾರು ಮಾಡೋದಿಲ್ಲ.

ನೇಮ್‌ಸ್ಪೇಸ್ (ಟ್ಯಾಗಿನ ಹೆಸರಿಗೆ ಮನೆತನದ ಹೆಸರಿನಂತೆ ಅಂಟಿಕೊಳ್ಳೋ ಗುರುತು) ವಿಷಯಕ್ಕೆ ನನ್ನ ಸಿಟ್ಟು ಇಳಿದೇ ಇಲ್ಲ. ಫೈಲಿನ ತಲೆಯಲ್ಲಿ ಡಿಫಾಲ್ಟ್ ನೇಮ್‌ಸ್ಪೇಸ್ ಕೂತಿದ್ದು, ನೀವು ಬರೀ 'ಇನ್‌ವಾಯ್ಸ್' ಅಂತ ಹುಡುಕಿದರೆ ಸಿಗೋದು ಖಾಲಿ ಪಟ್ಟಿ. ತಪ್ಪಿದೆ ಅಂತ ಒಂದು ಮಾತೂ ಇಲ್ಲ. ಟೀಮಿಗೆ ಸೇರೋ ಹೊಸ ಹುಡುಗರು ಫೈಲೇ ಕೆಟ್ಟಿದೆ ಅಂತ ಗ್ರಾಹಕರಿಗೆ ಮೇಲ್ ಬರೆಯೋದು ಇದೇ ಕಾರಣಕ್ಕೆ.

ದೊಡ್ಡ ಫೈಲಾದರೆ ಎಕ್ಸ್‌ಡಾಕ್ಯುಮೆಂಟ್ ಬೇಡ, ಅದು ಫೈಲಿನ ಟ್ಯಾಗುಗಳ ಇಡೀ ಮರವನ್ನು ಮೆಮೊರಿಗೆ ಎಳೆದುಕೊಳ್ಳುತ್ತೆ. ಎಕ್ಸ್‌ಎಂಎಲ್ ರೀಡರ್‌ನಲ್ಲಿ (ಫೈಲನ್ನು ಸ್ವಲ್ಪ ಸ್ವಲ್ಪವೇ ಓದೋದು) ಒಂದೊಂದೇ ಇನ್‌ವಾಯ್ಸ್ ಹತ್ತಿರ ನಿಂತು, ಆ ತುಂಡನ್ನಷ್ಟೇ ಎಕ್ಸ್‌ಎಲಿಮೆಂಟ್ (ಲಿಂಕ್‌ನಲ್ಲಿ ಒಂದು ಎಲಿಮೆಂಟಿನ ರೂಪ) ಮಾಡಿಕೊಳ್ಳಿ. ಕೋಡ್ ನಾಲ್ಕು ಸಾಲು ಹೆಚ್ಚಾಗುತ್ತೆ, ಸರ್ವರ್ ಬದುಕುತ್ತೆ.

ಗುಲ್ಲಿನಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಕೋಡ್ ನಡುವೆಯೇ ಟ್ಯಾಗುಗಳನ್ನು ಹಾಗೇ ಬರೆಯಬಹುದು ಅನ್ನೋದು. ಅದು ನಿಜವೂ ಆಯ್ತು, ಆದರೆ ಮೈಕ್ರೋಸಾಫ್ಟ್‌ನ ಇನ್ನೊಂದು ಭಾಷೆ ವಿಷುಯಲ್ ಬೇಸಿಕ್‌ನವರಿಗೆ (ವಿಬಿ) ಮಾತ್ರ! ಸಿ ಶಾರ್ಪ್‌ನವರು ಇವತ್ತಿಗೂ 'ನ್ಯೂ ಎಕ್ಸ್‌ಎಲಿಮೆಂಟ್' ಒಳಗೆ 'ನ್ಯೂ ಎಕ್ಸ್‌ಎಲಿಮೆಂಟ್' ಪೋಣಿಸುತ್ತಾ, ಕೊನೆಗೆ ಬ್ರಾಕೆಟ್ ಎಣಿಸುತ್ತಾ ಕೂರಬೇಕು. ಇತ್ತ ವಿಬಿಯನ್ನು ಭಾಷೆಯಾಗಿ ಇನ್ನು ಬೆಳೆಸೋದಿಲ್ಲ ಅಂತ 2020ರಲ್ಲಿ ಕಂಪನಿಯೇ ಹೇಳಿಬಿಟ್ಟಿತು. ಒಳ್ಳೆಯ ಸವಲತ್ತನ್ನು ಹೀಗೆ ಮೂಲೆಗೆ ಹಾಕಿದ್ದಕ್ಕೆ ಒಂದು ಅಂಕ ಕಡಿತ.

ಓದೋ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ, ಬರೆಯೋ ಕೆಲಸಕ್ಕೆ ಮೂರು. ಬೇರೆ ಲೈಬ್ರರಿ ಕೊಳ್ಳಬೇಕಿಲ್ಲ, ಸಿ ಶಾರ್ಪ್ ಓಡೋ ಮೈಕ್ರೋಸಾಫ್ಟ್ ವೇದಿಕೆ ಡಾಟ್‌ನೆಟ್ ಜೊತೆಗೇ ಬರುತ್ತೆ, ಲಿನಕ್ಸ್‌ನಲ್ಲೂ ಓಡುತ್ತೆ. ನಿಮ್ಮ ಡೇಟಾ ಪೂರ್ತಿ ಜೇಸನ್ (ಡೇಟಾ ಬರೆಯೋ ಇನ್ನೊಂದು ಮಾದರಿ) ಆಗಿದ್ದರೆ ಇದರ ಗೊಡವೆ ಬೇಡ.