ಡಿಜಿಟಲ್ ಮೀಟರ್ ಮತ್ತು ಹೊಸ ಟ್ಯಾಂಕ್ ಫ್ಲೋಟ್: ಎರಡು ವರ್ಷದ ಬಳಕೆಯ ನಂತರ

ಬೈಕಿನ ಮುಳ್ಳಿನ ಮೀಟರ್ ಕಿತ್ತು ಡಿಜಿಟಲ್ ಮೀಟರ್ ಹಾಕಿಸುವವರು ಪರದೆಯ ಅಂದ ನೋಡಿ ಕೊಳ್ಳುತ್ತಾರೆ. ಟ್ಯಾಂಕಿನೊಳಗೆ ತೇಲುತ್ತ ಪೆಟ್ರೋಲ್ ಮಟ್ಟ ತಿಳಿಸುವ ಫ್ಲೋಟ್ ನೆನಪಾಗುವುದು ಪೆಟ್ರೋಲ್ ಗೆರೆಗಳು ಮನಬಂದಂತೆ ಕುಣಿಯತೊಡಗಿದ ಮೇಲೆ. ಮೀಟರ್, ಫ್ಲೋಟ್ ಎರಡೂ ಒಟ್ಟಿಗೆ ಬಂದ ಈ ಕಿಟ್‌ನ ಮಟ್ಟಿಗೂ ಅದೇ ಮಾತು. ಮೀಟರ್ ಎರಡು ವರ್ಷದಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಸರಿಪಡಿಸಬೇಕಾಗಿ ಬಂದದ್ದೆಲ್ಲ ಟ್ಯಾಂಕ್, ಅರ್ತ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಮತ್ತು ಚಕ್ರದ ಮ್ಯಾಗ್ನೆಟ್ ಸುತ್ತಲಿನ ಕೆಲಸ.

ಕಿಟ್‌ನಲ್ಲಿ ಇರುವುದು ಇಷ್ಟು: 12 ವೋಲ್ಟ್ ಎಲ್‌ಸಿಡಿ ಮೀಟರ್, ಚಕ್ರಕ್ಕೆ ಮ್ಯಾಗ್ನೆಟ್ ಮತ್ತು ಸ್ಪೀಡ್ ಸೆನ್ಸರ್, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ವೈರ್, ತೋಳಿನ ತುದಿಯಲ್ಲಿ ತೇಲುವ ಫ್ಲೋಟ್ ಇರುವ ಟ್ಯಾಂಕ್ ಯೂನಿಟ್, ಗ್ಯಾಸ್ಕೆಟ್. ಮೀಟರ್‌ನ ಮೆನುವಿನಲ್ಲಿ ಫ್ಲೋಟ್‌ಗೆ 100, 250, 510 ಓಮ್ ಎಂಬ ಮೂರು ಆಯ್ಕೆ. ಈ ಸಂಖ್ಯೆ ಟ್ಯಾಂಕ್ ಖಾಲಿ ಇರುವಾಗಿನ ರೋಧ, ಅಂದರೆ ಫ್ಲೋಟ್ ಕರೆಂಟಿಗೆ ಒಡ್ಡುವ ತಡೆ; ಪೆಟ್ರೋಲ್ ಏರಿದಂತೆ ರೋಧ ಇಳಿದು ಭರ್ತಿಯಲ್ಲಿ ಕೆಲವೇ ಓಮ್‌ಗೆ ಬರುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಖಾಲಿಯಲ್ಲಿ 10, ಭರ್ತಿಯಲ್ಲಿ 180 ಓಮ್ ತೋರುವ ಫ್ಲೋಟ್‌ಗಳೂ ಇವೆ. ಅಂಥದ್ದನ್ನು ಈ ಮೀಟರಿಗೆ ಜೋಡಿಸಿದರೆ ಟ್ಯಾಂಕ್ ತುಂಬಿದಾಗ ಖಾಲಿ, ಖಾಲಿಯಾದಾಗ ಭರ್ತಿ ಎಂದು ತೋರಿಸುತ್ತದೆ. ಆದ್ದರಿಂದ ಕೊಳ್ಳುವ ಮೊದಲೇ ಎರಡೂ ತುದಿಯ ಓಮ್ ಕೇಳಿ. ಮಾರುವವರಿಗೆ ಗೊತ್ತಿಲ್ಲದಿದ್ದರೆ ಓಮ್ ಅಳೆಯುವ ಮಲ್ಟಿಮೀಟರ್ ಹಿಡಿದು ತೋಳನ್ನು ಮೇಲೆ ಕೆಳಗೆ ಆಡಿಸಿದರೆ ಅರ್ಧ ನಿಮಿಷದ ಕೆಲಸ. ಆಡಿಸುವಾಗ ಅಂಕಿ ನಯವಾಗಿ ಏರಿಳಿಯಬೇಕು; ನಡುವೆ ಎಲ್ಲಾದರೂ ಸಂಪರ್ಕ ಕಡಿದುಹೋದರೆ ಆ ಯೂನಿಟ್ ಬೇಡ.

ಹಳೆಯ ಫ್ಲೋಟನ್ನೇ ಉಳಿಸಿಕೊಂಡು ರೆಸಿಸ್ಟರ್ ಹಾಕಿ ಹೊಂದಿಸಿ ಎಂಬ ಸಲಹೆ ತುಂಬ ಓಡಾಡುತ್ತದೆ. ಲೆಕ್ಕ ಹಾಕಿ ನೋಡಿ. 250 ಓಮ್ ಫ್ಲೋಟನ್ನು 100 ಓಮ್ ಮೀಟರಿಗೆ ಒಗ್ಗಿಸಲು ಸಮಾನಾಂತರವಾಗಿ ಸುಮಾರು 167 ಓಮ್ ಬೇಕು. ಖಾಲಿಯಲ್ಲಿ 100, ಭರ್ತಿಯಲ್ಲಿ 5: ಎರಡು ತುದಿಯೂ ಸರಿಹೋಯಿತು. ಆದರೆ ತೋಳು ನಟ್ಟನಡುವೆ ಇದ್ದಾಗ ಒಟ್ಟು ರೋಧ 52ರ ಬದಲು 72 ಓಮ್ ಆಗುತ್ತದೆ, ಅರ್ಧ ಟ್ಯಾಂಕಿಗೆ ಮೀಟರ್ ಸುಮಾರು 30% ಎನ್ನುತ್ತದೆ. ತಪ್ಪು ಕಡಿಮೆಯ ಕಡೆಗೇ ಇರುವುದರಿಂದ ದಾರಿಯಲ್ಲಿ ನಿಲ್ಲುವ ಭಯವಿಲ್ಲ, ಅಷ್ಟೇ ಸಮಾಧಾನ. ಹೊಂದುವ ಫ್ಲೋಟ್ ಸಿಗುವಾಗ ಈ ಸರ್ಕಸ್ ಯಾಕೆ?

ಕೆಲಸ ಶುರುಮಾಡುವ ಮೊದಲು ಹಳೆಯ ಓಡೋಮೀಟರ್ ಅಂಕಿಯ ಫೋಟೊ ತೆಗೆದಿಡಿ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಪೆಟ್ರೋಲ್ ಪೂರ್ತಿ ಇಳಿಸಿ, ಟ್ಯಾಂಕನ್ನು ಗಾಡಿಯಿಂದ ಹೊರತೆಗೆದು ಗಾಳಿಯಾಡುವ ಜಾಗದಲ್ಲಿ ದಪ್ಪ ಬಟ್ಟೆಯ ಮೇಲೆ ಮಲಗಿಸಿ. ಖಾಲಿ ಟ್ಯಾಂಕಿನಲ್ಲಿ ಉಳಿಯುವ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ. ಬೆಸುಗೆ, ಹೀಟ್ ಗನ್ ಇತ್ಯಾದಿ ಬೇರೆ ಕೋಣೆಯಲ್ಲಿ ಆಗಲಿ. ಫ್ಲೋಟ್ ಕೆಲಸ ಮಾಡುತ್ತದೋ ನೋಡಲೆಂದು ಅದಕ್ಕೆ ನೇರವಾಗಿ 12 ವೋಲ್ಟ್ ಕೊಡುವವರಿದ್ದಾರೆ. ದಯವಿಟ್ಟು ಬೇಡ. ಒಳಗಿನ ತಂತಿ ಸುರುಳಿ ಸುಡುತ್ತದೆ, ಕಿಡಿಯೂ ಏಳಬಹುದು.

ಹಳೆಯ ಗ್ಯಾಸ್ಕೆಟನ್ನು ಮರದ ಅಥವಾ ಪ್ಲಾಸ್ಟಿಕ್ ಚೂಪಿನಿಂದ ಕೆರೆದು ತೆಗೆಯಿರಿ, ಸ್ಕ್ರೂಡ್ರೈವರ್ ಗೀರಿದ ಜಾಗದಲ್ಲಿ ಆಮೇಲೆ ಪೆಟ್ರೋಲ್ ಜಿನುಗುತ್ತದೆ. ಕಿಟ್‌ನ ಗ್ಯಾಸ್ಕೆಟ್ ಸಾಧಾರಣ ನೈಟ್ರೈಲ್ ರಬ್ಬರಿನದು. ಎಥನಾಲ್ ಬೆರೆತ ಪೆಟ್ರೋಲಿನಲ್ಲಿ ಅದು ಉಬ್ಬಿ ಗಟ್ಟಿಯಾಯಿತು, ವರ್ಷದೊಳಗೆ ಬೋಲ್ಟ್‌ಗಳ ಸುತ್ತ ಒದ್ದೆ ಕಲೆ ಕಂಡಿತು. ಅದೇ ಅಳತೆಯ, ಎಥನಾಲ್ ತಾಳುವ ವೈಟಾನ್ ರಬ್ಬರ್ ಗ್ಯಾಸ್ಕೆಟ್ ಹಾಕಿದ ಮೇಲೆ ಒಣಗಿದೆ. ಮೊದಲಿಗೇ ಅದನ್ನು ಹಾಕಿಬಿಡಿ. ಸಿಲಿಕಾನ್ ಪೇಸ್ಟ್ ಬಳಿಯುವುದು ಪರಿಹಾರವಲ್ಲ; ಸಾಮಾನ್ಯ ಸಿಲಿಕಾನ್ ಪೆಟ್ರೋಲಿಗೆ ಮೆತ್ತಗಾಗಿ, ಅದರ ಚೂರು ಕಾರ್ಬ್ಯುರೇಟರ್ ಜೆಟ್‌ವರೆಗೂ ಹೋಗುತ್ತದೆ. ಬೋಲ್ಟ್‌ಗಳನ್ನು ಎದುರುಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿಮಾಡಿ. ಇವು ಸಣ್ಣ ಬೋಲ್ಟ್‌ಗಳು, ತೋಳ್ಬಲ ತೋರಿಸುವ ಜಾಗ ಇದಲ್ಲ.

ಫ್ಲೋಟ್ ಕೂರಿಸುವಾಗ ನಿಜವಾದ ತಲೆನೋವು ತೋಳಿನ ದಿಕ್ಕು. ಬೈಕಿನ ಟ್ಯಾಂಕ್ ಕುದುರೆಯ ಜೀನಿನ ಹಾಗೆ ಚೌಕಟ್ಟಿನ ಮೇಲೆ ಕೂರುತ್ತದೆ; ನಡುವೆ ಉಬ್ಬು, ಎರಡು ಬದಿಗೆ ಇಳಿಜಾರು. ತೋಳು ಆ ಉಬ್ಬಿಗೆ ತಗುಲಿದರೆ ಗೆರೆ ಎಲ್ಲೋ ಒಂದು ಮಟ್ಟದಲ್ಲಿ ಅಂಟಿಕೊಂಡು ನಿಲ್ಲುತ್ತದೆ. ಬೋಲ್ಟ್ ಬಿಗಿದ ಮೇಲೆ ಮಲ್ಟಿಮೀಟರ್ ಜೋಡಿಸಿ ಖಾಲಿ ಟ್ಯಾಂಕನ್ನು ನೇರ ಹಿಡಿಯಿರಿ, ಖಾಲಿಯ ಓಮ್ ಬರಬೇಕು. ಹಾಗೇ ತಲೆಕೆಳಗು ಮಾಡಿದರೆ ಫ್ಲೋಟ್ ಟ್ಯಾಂಕಿನ ಮೇಲ್ಭಾಗಕ್ಕೆ ಬಿದ್ದು ಭರ್ತಿಯ ಓಮ್ ಬರಬೇಕು. ಎರಡರಲ್ಲಿ ಒಂದು ಬರದಿದ್ದರೆ ತೋಳು ಎಲ್ಲೋ ತಡೆದಿದೆ. ತೋಳನ್ನು ಬಗ್ಗಿಸಲೇಬೇಕಾದರೆ ಬುಡದಲ್ಲಿ ಒಂದು ಇಕ್ಕಳದಿಂದ ಹಿಡಿದು ಇನ್ನೊಂದರಿಂದ ಬಗ್ಗಿಸಿ, ಇಲ್ಲವಾದರೆ ಒಳಗಿನ ಸಂಪರ್ಕದ ಬ್ರಶ್ ಸೊಟ್ಟಗಾಗುತ್ತದೆ. ಫ್ಲೋಟ್ ಕೆಳಮಟ್ಟ ಮುಟ್ಟಿದಾಗಲೂ ಒಂದು, ಒಂದೂವರೆ ಲೀಟರ್ ಉಳಿದಿರುವಂತೆ ಇಡುವುದು ಜಾಣತನ.

ಇನ್ನು ಅರ್ತ್. ಟ್ಯಾಂಕ್ ರಬ್ಬರ್ ಬುಶ್‌ಗಳ ಮೇಲೆ ಕೂತಿರುತ್ತದೆ, ಬೋಲ್ಟ್‌ಗಳ ಕೆಳಗೆ ಪೇಂಟ್ ಇರುತ್ತದೆ. ಒಂದೇ ವೈರಿನ ಫ್ಲೋಟ್ ಟ್ಯಾಂಕಿನ ಬಾಡಿಯ ಮೂಲಕ ಸಿಗುವ ಈ ಅರ್ಧಂಬರ್ಧ ಅರ್ತನ್ನೇ ನಂಬಿ ಕೆಲಸ ಮಾಡಬೇಕು. ಆ ದಾರಿಯಲ್ಲಿ 10 ಓಮ್ ಹೆಚ್ಚಾದರೂ 100 ಓಮ್ ಮೀಟರ್ ಹತ್ತಿರ ಹತ್ತಿರ 10% ಕಡಿಮೆ ತೋರಿಸುತ್ತದೆ, ಗುಂಡಿಯಲ್ಲಿ ಕುಲುಕಿದಾಗಲೆಲ್ಲ ಗೆರೆ ಜಿಗಿಯುತ್ತದೆ. ಫ್ಲೋಟ್‌ನ ಲೋಹದ ತಟ್ಟೆಯಿಂದ ಮೀಟರ್‌ನ ಕಪ್ಪು ವೈರಿಗೇ ಪ್ರತ್ಯೇಕ ಅರ್ತ್ ಎಳೆದರೆ ಈ ಕಾಯಿಲೆಯ ಬೇರು ಹೋಗುತ್ತದೆ. ದೋಷ ಹುಡುಕುವಾಗ ಒಂದು ಸುಳಿವು: ಸಿಗ್ನಲ್ ವೈರ್ ಬಾಡಿಗೆ ತಗುಲಿದ್ದರೆ ಸದಾ ಭರ್ತಿ, ತುಂಡಾಗಿದ್ದರೆ ಸದಾ ಖಾಲಿ ಅಥವಾ ಗೆರೆ ಮಿಟುಕುವುದು.

ಮೀಟರ್ ಬದಿಯ ವೈರಿಂಗ್ ಬಹುಪಾಲು ನೇರ. ನ್ಯೂಟ್ರಲ್ ಮತ್ತು ಆಯಿಲ್ ಪ್ರೆಶರ್ ಸ್ವಿಚ್‌ಗಳು ಸಾಮಾನ್ಯವಾಗಿ ಅರ್ತ್ ಕೊಡುವಂಥವು, ಹೈಬೀಮ್ ಮತ್ತು ಇಂಡಿಕೇಟರ್ 12 ವೋಲ್ಟ್ ಕೊಡುವಂಥವು. ಹಳೆಯ ಮೀಟರ್‌ನಲ್ಲಿ ಎಡಬಲ ಎರಡಕ್ಕೂ ಒಂದೇ ಬಲ್ಬ್ ಇದ್ದು ಹೊಸದರಲ್ಲೂ ಒಂದೇ ದೀಪವಿದ್ದರೆ, ಎರಡೂ ಬದಿಯಿಂದ ತಲಾ ಒಂದು 1ಎನ್4007 ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಮೂಲಕ ತನ್ನಿ. ಡಯೋಡ್ ಇಲ್ಲದೆ ಜೋಡಿಸಿದರೆ ಎಡಕ್ಕೆ ಹಾಕಿದಾಗ ನಾಲ್ಕೂ ಮಿನುಗುತ್ತವೆ. ಚಾರ್ಜಿಂಗ್ ಬಲ್ಬ್ ಇರುವ ಗಾಡಿಯಾದರೆ ಇನ್ನೂ ಎಚ್ಚರ. ಬಿಎಂಡಬ್ಲ್ಯುವಿನ ಹಳೆಯ ಏರ್‌ಕೂಲ್ಡ್ ಬಾಕ್ಸರ್ ಎಂಜಿನ್ ಬೈಕ್‌ಗಳಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಎಚ್ಚರಗೊಳ್ಳುವುದೇ ಆ ಬಲ್ಬಿನ ಮೂಲಕ ಹರಿಯುವ ಕರೆಂಟಿನಿಂದ. ಅದನ್ನು ಎಲ್‌ಇಡಿಗೆ ಬದಲಿಸಿದರೆ ಚಾರ್ಜಿಂಗ್ ನಿಲ್ಲಬಹುದು.

ಇಂಥದ್ದೇ ಇನ್ನೊಂದು ಬಲೆ ರಿಸರ್ವ್ ದೀಪದ್ದು. ಕೆಲವು ಟ್ಯಾಂಕ್‌ಗಳಲ್ಲಿ ಅದನ್ನು ನಡೆಸುವುದು ಥರ್ಮಿಸ್ಟರ್, ಅಂದರೆ ಬಿಸಿಯಾದಂತೆ ರೋಧ ಇಳಿಯುವ ಬಿಡಿಭಾಗ: ಪೆಟ್ರೋಲಿನಲ್ಲಿ ಮುಳುಗಿರುವಾಗ ತಣ್ಣಗಿದ್ದು ಕರೆಂಟ್ ತಡೆಯುತ್ತದೆ, ಹೊರಗೆ ಬಂದಾಗ ತನ್ನದೇ ಕರೆಂಟಿಗೆ ಬಿಸಿಯಾಗಿ ಬಲ್ಬ್ ಹೊತ್ತಿಸುತ್ತದೆ. ಎಲ್‌ಇಡಿ ಎಳೆಯುವ ಕರೆಂಟ್ ಅತ್ಯಲ್ಪವಾದ್ದರಿಂದ ಅದು ಬಿಸಿಯಾಗುವುದೇ ಇಲ್ಲ, ಎಲ್‌ಇಡಿ ಮಾತ್ರ ಸದಾ ಮಂಕಾಗಿ ಉರಿಯುತ್ತದೆ. ಮೂಲ ಬಲ್ಬ್ 3.4 ವ್ಯಾಟ್ ಆಗಿದ್ದರೆ ಅದರ ಜಾಗದಲ್ಲಿ, ಎಲ್‌ಇಡಿಗೆ ಸಮಾನಾಂತರವಾಗಿ 47 ಓಮ್, 10 ವ್ಯಾಟ್ ರೆಸಿಸ್ಟರ್ ಹಾಕಬೇಕು. ಬಿಸಿಯಾಗುವ ವಸ್ತು, ಪ್ಲಾಸ್ಟಿಕ್‌ನಿಂದ ದೂರವಿಡಿ.

ವೇಗಕ್ಕೆ ಚಕ್ರದ ಸುತ್ತಳತೆ ಕೊಡಬೇಕು. 90/90-19 ಟೈರಿಗೆ ಲೆಕ್ಕದ ಪ್ರಕಾರ 2025 ಮಿಮೀ. ಆದರೆ ಸವಾರ ಕೂತಾಗ ಟೈರ್ ತಗ್ಗುವುದರಿಂದ ನೆಲದ ಮೇಲೆ ಗುರುತು ಹಾಕಿ, ಗಾಳಿ ಸರಿಯಾಗಿಟ್ಟು, ಕೂತು ಒಂದು ಸುತ್ತು ತಳ್ಳಿ ಅಳೆಯುವುದೇ ಸರಿ. ಟೈರ್ 4 ಮಿಮೀ ಸವೆದರೆ ಮೀಟರ್ ಸುಮಾರು 1.2% ಹೆಚ್ಚು ತೋರಿಸುತ್ತದೆ, ಅದು ತೊಂದರೆಯಿಲ್ಲ. ನಿಜಕ್ಕಿಂತ ಕಡಿಮೆ ತೋರಿಸುವಂತೆ ಮಾತ್ರ ಇಡಬೇಡಿ. ಮ್ಯಾಗ್ನೆಟ್ ಬೋಲ್ಟಿಗೆ ನೀಲಿ ಥ್ರೆಡ್‌ಲಾಕ್ (ಬೋಲ್ಟ್ ಸಡಿಲಾಗದಂತೆ ಹಿಡಿಯುವ ಅಂಟು) ಕಡ್ಡಾಯ. ಅದು ಸಡಿಲಾಗಿ ಅಂತರ ಹೆಚ್ಚಿದಾಗ ವೇಗ ಒಮ್ಮೊಮ್ಮೆ ಸೊನ್ನೆಗೆ ಬೀಳುತ್ತಿತ್ತು.

ಆರ್‌ಪಿಎಂ ನಿಜದ ಎರಡರಷ್ಟು ಬಂದರೆ ಮೀಟರ್ ಕೆಟ್ಟಿಲ್ಲ. ಅನೇಕ ಸಿಂಗಲ್ ಸಿಲಿಂಡರ್ ಫೋರ್ ಸ್ಟ್ರೋಕ್‌ಗಳು ಪ್ರತಿ ಸುತ್ತಿಗೂ ಕಿಡಿ ಹಾರಿಸುತ್ತವೆ, ಒಂದು ಕಿಡಿ ವ್ಯರ್ಥ. ಮೆನುವಿನಲ್ಲಿ ಎರಡು ಸುತ್ತಿಗೆ ಒಂದು ಎಂದಿದ್ದುದನ್ನು ಸುತ್ತಿಗೆ ಒಂದು ಎಂದು ಮಾಡಿದರೆ ಮುಗಿಯಿತು. ಅಂಕಿ ಸುಮ್ಮನೆ ಕುಣಿದರೆ ರೆಸಿಸ್ಟರ್ ಇರುವ ಪ್ಲಗ್ ಹಾಕಿ, ವೈರನ್ನು ಪ್ಲಗ್ ಕೇಬಲ್‌ನಿಂದ ದೂರ ಎಳೆಯಿರಿ.

ಮಾಪನಕ್ಕೆ ಒಂದು ಸಂಜೆ ಮೀಸಲಿಡಿ. ಗಾಡಿಯನ್ನು ನೇರ ನಿಲ್ಲಿಸಿ, ಒಂದೊಂದೇ ಲೀಟರ್ ಸುರಿದು, ಪ್ರತಿ ಬಾರಿ ಒಂದು ನಿಮಿಷ ಕಾದು ಗೆರೆ ಬರೆದುಕೊಳ್ಳಿ. ಗೆರೆಗಳು ಸಮವಾಗಿ ಏರುವುದಿಲ್ಲ. ಟ್ಯಾಂಕಿನ ತಳ ಕಿರಿದು, ಮೇಲೆ ಅಗಲ. ಹಾಗಾಗಿ ಮೇಲಿನ ಗೆರೆಗೆ ಹೆಚ್ಚು ಲೀಟರ್, ಕೊನೆಯ ಗೆರೆಗೆ ಕಡಿಮೆ. ಕೊನೆಯ ಎರಡು ಗೆರೆ ಬೇಗ ಇಳಿಯುವುದು ಇದರಿಂದಲೇ. ಸೈಡ್ ಸ್ಟ್ಯಾಂಡ್ ಮೇಲೆ ಕಂಡ ಅಂಕಿಯನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ.

ಎರಡು ವರ್ಷದ ನಂತರದ ಸ್ಥಿತಿ: ತೊಳೆದ ಮರುದಿನ ಗಾಜಿನೊಳಗೆ ಒಮ್ಮೊಮ್ಮೆ ಮಂಜು ಕೂರುತ್ತದೆ, ಬಿಸಿಲಿಗೆ ಹೋಗುತ್ತದೆ. ಹಿಂಬದಿಯ ಗಾಳಿರಂಧ್ರ ಮುಚ್ಚಿದರೆ ಮಂಜು ಒಳಗೇ ಉಳಿಯುತ್ತದೆ, ಮುಚ್ಚಬೇಡಿ. ಕಪ್ಲರ್‌ಗಳಿಗೆ ಡೈಎಲೆಕ್ಟ್ರಿಕ್ ಗ್ರೀಸ್ ಹಾಕಿದ್ದರಿಂದ ಹಸಿರು ಹಿಡಿದಿಲ್ಲ. ಗಡಿಯಾರಕ್ಕಾಗಿ ಮೀಟರ್ ಸದಾ 5 ಮಿಲಿಆಂಪ್ ಎಳೆಯುತ್ತದೆ, ತಿಂಗಳಿಗೆ 3.6 ಆಂಪ್-ಅವರ್, ಅಂದರೆ 7 ಆಂಪ್-ಅವರ್ ಬ್ಯಾಟರಿಯ ಅರ್ಧ. ವಾರಗಟ್ಟಲೆ ನಿಲ್ಲಿಸುವ ಗಾಡಿಯಾದರೆ ಆ ವೈರಿಗೊಂದು ಸ್ವಿಚ್ ಇರಲಿ.

ಮೀಟರಿಗೆ ಐದರಲ್ಲಿ ನಾಲ್ಕೂವರೆ. ಟ್ಯಾಂಕ್ ಯೂನಿಟ್‌ಗೆ ನಾಲ್ಕು. ಗ್ಯಾಸ್ಕೆಟ್‌ಗೆ ಒಂದು, ಅದೂ ಅಳತೆ ಸರಿಯಿತ್ತು ಎಂಬ ಕಾರಣಕ್ಕೆ.