ಸೂಪರ್ ಮೀಟಿಯೋರ್ ಬಿಟ್ಟು ಹಗುರ ಕ್ರೂಸರ್‌ಗೆ: ಮೀಟಿಯೋರ್ 350 ಮತ್ತು ಅವೆಂಜರ್ 220 ಓಡಿಸಿ ನೋಡಿದ್ದು

ಮೊದಲು ತೂಕದ ಲೆಕ್ಕ. ರಾಯಲ್ ಎನ್‌ಫೀಲ್ಡ್ ಸೂಪರ್ ಮೀಟಿಯೋರ್ 650 ಅಂದರೆ 241 ಕೆಜಿ. ಅದೇ ಕಂಪನಿಯ ಮೀಟಿಯೋರ್ 350 ಅಂದರೆ 191. ಬಜಾಜ್ ಅವೆಂಜರ್ ಕ್ರೂಸ್ 220 ಇನ್ನೂ ಕಡಿಮೆ, 163. ನನ್ನ ಹತ್ತಿರ ಇರುವುದು ಸೂಪರ್ ಮೀಟಿಯೋರ್, ಅದರಲ್ಲೂ ಟೂರರ್ ಮಾದರಿ, ಮುಂದೆ ಗಾಜು, ಹಿಂದೆ ಬೆನ್ನೊರಗು, ಎರಡು ಕಡೆ ಪೆಟ್ಟಿಗೆ, ಕೆಳಗೆ ಕ್ರ್ಯಾಶ್ ಗಾರ್ಡ್, ಎಲ್ಲಾ ಸೇರಿದರೆ 250 ಕೆಜಿ ಆರಾಮಾಗಿ ದಾಟುತ್ತದೆ.

ಐವತ್ತು ದಾಟಿದ ಮೇಲೆ ಮೊಣಕಾಲು ತನ್ನ ಲೆಕ್ಕ ತಾನು ಹೇಳುತ್ತದೆ. ದೂರದ ಸವಾರಿಯೂ ಮೊದಲಿನಷ್ಟಿಲ್ಲ. ಈಗ ನನ್ನ ಓಡಾಟ ಅಂದರೆ ದಾವಣಗೆರೆ ಊರೊಳಗೆ, ಚಿತ್ರದುರ್ಗಕ್ಕೆ ಕೆಲಸದ ಮೇಲೆ, ಭಾನುವಾರ ಮನೆಯವರ ಜೊತೆ ಸೂಳೆಕೆರೆ ಕಡೆಗೋ ಕೊಂಡಜ್ಜಿ ಕಡೆಗೋ. ಹಾಗಾಗಿ ಸಣ್ಣ ಕ್ರೂಸರ್, ಅಂದರೆ ತಗ್ಗು ಸೀಟಿನ, ಕಾಲು ಮುಂದೆ ಚಾಚಿ ಕೂರುವ ಬೈಕ್, ತಗೊಳ್ಳೋಣ ಅಂತ ತೀರ್ಮಾನಿಸಿದೆ. ಸ್ನೇಹಿತರೊಬ್ಬರ ಹತ್ತಿರ ಮೀಟಿಯೋರ್ ಇದೆ, ನಮ್ಮ ಭಾವನ ಹತ್ತಿರ ಅವೆಂಜರ್ ಇದೆ. ಇಬ್ಬರಿಗೂ ನನ್ನ ದೊಡ್ಡ ಗಾಡಿಯ ಮೇಲೆ ಆಸೆ ಇತ್ತು, ಅದನ್ನು ಓಡಿಸಲು ಕೊಟ್ಟು ಅವರದನ್ನು ಓಡಿಸಿ ನೋಡಲು ಇಸಿದುಕೊಂಡು ಬಂದೆ. ಶೋರೂಂನವರು ಕೊಡುವ ಎರಡು ಕಿಲೋಮೀಟರ್ ಟೆಸ್ಟ್ ರೈಡ್‌ನಲ್ಲಿ ಈ ವಿಷಯ ಏನೂ ಗೊತ್ತಾಗುವುದಿಲ್ಲ. ನಮ್ಮ ರಸ್ತೆಯಲ್ಲಿ, ನಮ್ಮ ಗಾಳಿಯಲ್ಲಿ, ಹಿಂದೆ ಕೂರುವವರನ್ನು ಕೂರಿಸಿಕೊಂಡೇ ನೋಡಬೇಕು.

ಭಾರದ ಗಾಡಿ ಅಂದ ಕೂಡಲೇ ಜನ ಓಡಿಸುವುದು ಕಷ್ಟ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. ಇಪ್ಪತ್ತು ಇಪ್ಪತ್ತೈದರ ವೇಗ ದಾಟಿದರೆ ಸಾಕು, ಗಾಡಿ ತನ್ನ ಪಾಡಿಗೆ ತಾನು ನೆಟ್ಟಗೆ ನಿಲ್ಲುತ್ತದೆ. ಸೂಪರ್ ಮೀಟಿಯೋರ್ ಅಂತೂ ಆಗ ಎಷ್ಟು ಹಗುರ ಅನ್ನಿಸುತ್ತದೆ ಅಂದರೆ 241 ಕೆಜಿ ಎಲ್ಲಿ ಹೋಯಿತು ಅಂತ ಹುಡುಕಬೇಕು. ಕಷ್ಟ ಇರುವುದು ನಿಂತಾಗ, ಹಿಂದಕ್ಕೆ ತಳ್ಳುವಾಗ, ನಡೆಯುವ ವೇಗದಲ್ಲಿ ತಿರುಗಿಸುವಾಗ. ಮನೆ ಮುಂದೆ ಹತ್ತು ಅಡಿಗೆ ಒಂದು ಅಡಿ ಏರುವ ಇಳಿಜಾರು ಇದೆ ಅಂತ ಇಟ್ಟುಕೊಳ್ಳಿ, ನಮ್ಮ ಕಡೆ ಎಷ್ಟೋ ಮನೆಗಳಿಗೆ ಹೀಗೇ ಇರುತ್ತದೆ, ಅಲ್ವಾ. ಅದರ ಮೇಲೆ ಗಾಡಿ ತಳ್ಳಲು ಅದರ ತೂಕದ ಹತ್ತನೇ ಒಂದು ಭಾಗದಷ್ಟು ಬಲ ಬೇಕು. ದೊಡ್ಡದಕ್ಕೆ 24 ಕೆಜಿ, ಮೀಟಿಯೋರ್‌ಗೆ 19, ಅವೆಂಜರ್‌ಗೆ 16. ಕಾಗದದ ಮೇಲೆ ವ್ಯತ್ಯಾಸ ಸಣ್ಣದು. ಆದರೆ ಬೆವರಿದ ಕೈಯಲ್ಲಿ ಹ್ಯಾಂಡಲ್ ಹಿಡಿದು, ಮಳೆಗೆ ಒದ್ದೆಯಾದ ಟೈಲ್ಸ್ ಮೇಲೆ ಚಪ್ಪಲಿ ಊರಿಕೊಂಡು ತಳ್ಳುವಾಗ ಆ 5 ಕೆಜಿಯೇ ಆಗುತ್ತದೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡುತ್ತದೆ. ದೊಡ್ಡದರಿಂದ ಮೀಟಿಯೋರ್‌ಗೆ ಬಂದರೆ ಇಳಿಯುವುದು ಸರಿಯಾಗಿ ಒಂದು ಸಿಮೆಂಟ್ ಚೀಲದ ತೂಕ.

ಇಲ್ಲಿ ಒಂದು ವಿಚಿತ್ರ ಇದೆ. ಸೀಟಿನ ಎತ್ತರ ನೋಡಿದರೆ ಮೀಟಿಯೋರ್‌ಗಿಂತ ದೊಡ್ಡ ಗಾಡಿಯೇ ತಗ್ಗು: 740 ಮಿಲಿಮೀಟರ್. ಹಗುರವಾದ ಮೀಟಿಯೋರ್ 765. ಅವೆಂಜರ್ 737. ಮೊಣಕಾಲು ನೋವು ಇರುವವರು ತೂಕ ಒಂದನ್ನೇ ನೋಡಿ ಹೋದರೆ ಮೀಟಿಯೋರ್ ಮೇಲೆ ಕೂತಾಗ ಸ್ವಲ್ಪ ಗಾಬರಿಯಾಗಬಹುದು. ನನಗೆ ಎರಡೂ ಪಾದ ಪೂರ್ತಿ ಊರುತ್ತದೆ, ಏಕೆಂದರೆ ಸೀಟಿನ ಮುಂಭಾಗ ಸಣ್ಣಗಿದೆ. ನಮ್ಮ ಮನೆಯ ಗಿಡ್ಡ ಹುಡುಗನಿಗೆ ಹಿಮ್ಮಡಿ ಎತ್ತಿಯೇ ಇತ್ತು. ಅವನಿಗೆ ಅವೆಂಜರ್ ಹೇಳಿ ಮಾಡಿಸಿದ ಹಾಗಿದೆ.

ಮಂಡಿಪೇಟೆ, ಚೌಕಿಪೇಟೆ ಕಡೆ ಬೆಳಗಿನ ವ್ಯಾಪಾರದ ಹೊತ್ತಲ್ಲಿ ಹೋಗಿ ನೋಡಿದರೆ ಮೂರರ ಗುಣವೂ ತಿಳಿಯುತ್ತದೆ. ಎದುರಿಗೆ ಲಗೇಜ್ ಆಟೋ, ಪಕ್ಕದಲ್ಲಿ ಹಮಾಲರು ಮೂಟೆ ಹೊತ್ತು ದಾಟುತ್ತಿರುತ್ತಾರೆ, ಹಿಂದೆ ಒಬ್ಬ ಹಾರ್ನ್ ಮಾಡುತ್ತಲೇ ಇರುತ್ತಾನೆ. ದೊಡ್ಡ ಗಾಡಿಯ ಪೆಟ್ಟಿಗೆಗಳು ಎಲ್ಲಿ ತಾಗುತ್ತವೋ ಅನ್ನುವ ಚಿಂತೆ ಒಂದು, ಕಾಲಿಗೆ ಬಡಿಯುವ ಇಂಜಿನ್ ಬಿಸಿ ಇನ್ನೊಂದು. ಏಪ್ರಿಲ್ ಮೇ ತಿಂಗಳ ದಾವಣಗೆರೆ ಬಿಸಿಲಲ್ಲಿ ಎರಡು ಸಿಲಿಂಡರಿನ ಗಾಡಿ ಮೇಲೆ ಸಿಗ್ನಲ್‌ನಲ್ಲಿ ನಿಲ್ಲುವುದು ಶಿಕ್ಷೆಯೇ. ಮೀಟಿಯೋರ್ ಇಲ್ಲಿ ಸುಮ್ನೆ ಡುಗುಡುಗು ಅಂತ ಎರಡನೇ ಗೇರಲ್ಲಿ ಹೋಗುತ್ತದೆ. ಅದರ 27 ನ್ಯೂಟನ್ ಮೀಟರ್ ಎಳೆತ 4000 ಆರ್‌ಪಿಎಂಗೇ ಪೂರ್ತಿ ಸಿಗುವುದರಿಂದ ಕ್ಲಚ್ ಮೇಲೆ ಜಾಸ್ತಿ ಆಟ ಆಡಬೇಕಿಲ್ಲ. ಅವೆಂಜರ್ ಎಲ್ಲರಿಗಿಂತ ಸಲೀಸಾಗಿ ನುಗ್ಗುತ್ತದೆ. ಆದರೆ ಅದರ ಮೈ ಉದ್ದ. ಚಕ್ರದಿಂದ ಚಕ್ರಕ್ಕೆ 1490 ಮಿಲಿಮೀಟರ್, ದೊಡ್ಡ ಗಾಡಿಗಿಂತ ಬರೀ 10 ಕಡಿಮೆ. ಸಣ್ಣ ಗಲ್ಲಿಯಲ್ಲಿ ಒಂದೇ ಸಲಕ್ಕೆ ಯೂಟರ್ನ್ ಆಗುವುದಿಲ್ಲ. ಮೀಟಿಯೋರ್ 1400 ಇರುವುದರಿಂದ ಅದೇ ಗಲ್ಲಿಯಲ್ಲಿ ತಿರುಗಿಬಿಟ್ಟಿತು. ಊರೊಳಗಿನ ಬಳಕೆಗೆ ತೂಕದಷ್ಟೇ ಈ ಉದ್ದವೂ ಮುಖ್ಯ. ಇದನ್ನು ಯಾರೂ ಹೇಳುವುದಿಲ್ಲ.

ಇನ್ನು ದುರ್ಗದ ರಸ್ತೆ. ಆನಗೋಡು, ಭರಮಸಾಗರ ದಾಟಿ ಸುಮಾರು 60 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 48. ರಸ್ತೆ ಚೆನ್ನಾಗಿದೆ, ತೊಂದರೆ ಇರುವುದು ಗಾಳಿಯಲ್ಲಿ. ದುರ್ಗದ ಸುತ್ತ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಪಶ್ಚಿಮದ ಗಾಳಿ ದುರ್ಗಕ್ಕೆ ಹೋಗುವಾಗ ಬಲಗಡೆಯಿಂದ ತಳ್ಳುತ್ತದೆ, ವಾಪಸ್ ಬರುವಾಗ ಎಡಗಡೆ ಮುಂದಿನಿಂದ. ಬರುವಾಗಲೇ ಹುಷಾರಾಗಿರಬೇಕು. ಗಾಳಿಗೆ ಎದುರಾಗಿ ಗಾಡಿಯನ್ನು ಎಡಕ್ಕೆ ಸ್ವಲ್ಪ ವಾಲಿಸಿಕೊಂಡೇ ಬರುತ್ತಿರುತ್ತೀರಿ, ಜೋಳ ತುಂಬಿದ ಲಾರಿಯನ್ನು ಬಲಗಡೆಯಿಂದ ದಾಟಲು ಹೋಗುತ್ತೀರಿ, ಲಾರಿ ಗಾಳಿಗೆ ಅಡ್ಡ ಬಂದ ಕೂಡಲೇ ಒತ್ತಡ ಕಡಿದು ಗಾಡಿ ಲಾರಿ ಕಡೆಗೇ ಎಳೆಯುತ್ತದೆ, ಅದನ್ನು ಸರಿ ಮಾಡಿಕೊಳ್ಳುವಷ್ಟರಲ್ಲಿ ಲಾರಿಯ ಮೂತಿ ದಾಟಿ ಪೂರ್ತಿ ಗಾಳಿ ಒಮ್ಮೆಲೇ ಎದೆಗೆ ಬಡಿದು ಡಿವೈಡರ್ ಕಡೆ ತಳ್ಳುತ್ತದೆ.

ದೊಡ್ಡ ಗಾಡಿ ಇದನ್ನೆಲ್ಲ ನುಂಗಿಕೊಳ್ಳುತ್ತದೆ. ತೂಕದ ಲಾಭ ಅಂದರೆ ಇದೇ. 47 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ ಇರುವುದರಿಂದ ಲಾರಿಯ ಪಕ್ಕದಲ್ಲಿ ಇರುವ ಹೊತ್ತೂ ಕಡಿಮೆ, ಆರನೇ ಗೇರಲ್ಲೇ ಕಿವಿ ಹಿಂಡಿದರೆ ಮುಗಿಯಿತು. ಮೀಟಿಯೋರ್‌ದು 20 ಪಿಎಸ್ ಅಷ್ಟೇ. ಎಂಬತ್ತು ತೊಂಬತ್ತರಲ್ಲಿ ಖುಷಿಯಾಗಿ ಹೋಗುತ್ತದೆ, ನೂರರ ಮೇಲೆ ಅದರಲ್ಲಿ ಉಸಿರಿಲ್ಲ. ಓವರ್‌ಟೇಕ್ ಮಾಡಬೇಕಾದರೆ ಮೊದಲೇ ಯೋಚಿಸಬೇಕು, ಒಂದು ಗೇರ್ ಇಳಿಸಿ ಕಾಯಬೇಕು. ಅವೆಂಜರ್ 19 ಪಿಎಸ್. ತೂಕ ಕಡಿಮೆ ಇರುವುದರಿಂದ ಕೆಜಿಗೆ ಬರುವ ಶಕ್ತಿ ಲೆಕ್ಕ ಹಾಕಿದರೆ ಮೀಟಿಯೋರ್‌ಗಿಂತ ಅವೆಂಜರೇ ಮುಂದೆ. ಆದರೆ ಆ ಶಕ್ತಿ ಸಿಗಬೇಕಾದರೆ 8500 ಆರ್‌ಪಿಎಂವರೆಗೆ ಎಳೆಯಬೇಕು. ಕ್ರೂಸರ್ ಮೇಲೆ ಕಾಲು ಚಾಚಿ ಕೂತವನಿಗೆ ಅಷ್ಟು ಕಿರುಚಾಟ ಬೇಡ ಅನ್ನಿಸುತ್ತದೆ.

ಗಾಜಿನ ವಿಷಯ ನನಗೆ ತುಂಬಾ ಮುಖ್ಯವಾಗಿ ಕಂಡಿತು. ಅವೆಂಜರ್ ಕ್ರೂಸ್‌ಗೆ ಮುಂದೆ ದೊಡ್ಡ ಗಾಜು ಬರುತ್ತದೆ, ಅದು ಹ್ಯಾಂಡಲ್ ಜೊತೆಯಲ್ಲೇ ತಿರುಗುತ್ತದೆ. ಎದುರುಗಾಳಿಗೆ ಸ್ವರ್ಗ. ಅಡ್ಡಗಾಳಿ ಬಂದರೆ ಆ ಗಾಜೇ ಹಾಯಿಯಾಗಿ ಹ್ಯಾಂಡಲ್ ಅಲ್ಲಾಡಿಸುತ್ತದೆ. 163 ಕೆಜಿಯ ಗಾಡಿಗೆ ಅದನ್ನು ತಡೆಯುವ ಭಾರ ಇಲ್ಲ. ಭರಮಸಾಗರದಿಂದ ಮುಂದೆ ನಾನು ಎಪ್ಪತ್ತರ ಮೇಲೆ ಹೋಗಲಿಲ್ಲ. ಸ್ನೇಹಿತರ ಮೀಟಿಯೋರ್‌ಗೆ ಗಾಜಿಲ್ಲ. ಎದೆಗೆ ಗಾಳಿ ಬಡಿಯುತ್ತಿತ್ತು, ಆದರೆ ಹ್ಯಾಂಡಲ್ ಶಾಂತವಾಗಿತ್ತು. ಬೇರೆ ಊರಿನವರಿಗೆ ಗಾಜು ಬೇಕಾಗಬಹುದು. ದುರ್ಗದ ರಸ್ತೆಯಲ್ಲಿ ದಿನ ಓಡಾಡುವವರು, ಅದರಲ್ಲೂ ಹಗುರ ಗಾಡಿ ತಗೊಳ್ಳುವವರು ಗಾಜಿಲ್ಲದ್ದನ್ನೇ ತಗೊಳ್ಳಿ ಅಂತ ನಾನು ಒತ್ತಿ ಹೇಳುತ್ತೇನೆ.

ದುರ್ಗದ ಹತ್ತಿರದ ಜೋಗಿಮಟ್ಟಿ ಗುಡ್ಡದ ಕಡೆಗೆ ಏರುವ ತಿರುವುಗಳಲ್ಲಿ ಮೀಟಿಯೋರ್ ಮೂರನೇ ಗೇರಲ್ಲಿ ನಿಧಾನವಾಗಿ ಹತ್ತಿತು, ಅವೆಂಜರ್ ಎರಡನೆಯದು ಕೇಳಿತು. ಇಳಿಯುವಾಗ ಬ್ರೇಕ್ ವ್ಯತ್ಯಾಸ ಗೊತ್ತಾಯಿತು. ಮೀಟಿಯೋರ್‌ಗೆ ಎರಡೂ ಕಡೆ ಡಿಸ್ಕ್, ಎರಡಕ್ಕೂ ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ. ಅವೆಂಜರ್‌ಗೆ ಮುಂದೆ ಮಾತ್ರ ಡಿಸ್ಕ್ ಮತ್ತು ಎಬಿಎಸ್, ಹಿಂದೆ ಡ್ರಮ್.

ಹಳ್ಳಿ ರಸ್ತೆಗೆ ಬಂದರೆ ಲೆಕ್ಕವೇ ಬೇರೆ. ಹದಡಿ, ತ್ಯಾವಣಿಗೆ ಮೇಲೆ ಸೂಳೆಕೆರೆಗೆ ಹೋಗುವಾಗ ಪ್ರತಿ ಊರಿಗೂ ಜನರೇ ಹಾಕಿಕೊಂಡ ಹಂಪ್ ಇರುತ್ತದೆ, ಬಣ್ಣ ಇಲ್ಲ, ಬೋರ್ಡ್ ಇಲ್ಲ. ಸೂಪರ್ ಮೀಟಿಯೋರ್ ನೆಲದಿಂದ ಬರೀ 135 ಮಿಲಿಮೀಟರ್ ಎತ್ತರ. ಇಬ್ಬರು ಕೂತರೆ ಅದೂ ಇಳಿಯುತ್ತದೆ. ಹಂಪ್ ಮೇಲೆ ಅಡ್ಡಡ್ಡ ಹೋಗಬೇಕು, ಇಲ್ಲ ಹಿಂದಿನವರನ್ನು ಇಳಿಸಬೇಕು. ಮೀಟಿಯೋರ್ 170, ಅವೆಂಜರ್ 169. ಇವೆರಡರಲ್ಲೂ ಎಲ್ಲೂ ತಾಗಲಿಲ್ಲ. ದೊಡ್ಡ ಗಾಡಿಯ ಹಿಂದಿನ ಶಾಕ್ ಕುಗ್ಗುವುದೇ 101 ಮಿಲಿಮೀಟರ್, ಗುಂಡಿ ಬಂದರೆ ನೇರ ಬೆನ್ನಿಗೆ ಏಟು.

ಸುಗ್ಗಿಯಲ್ಲಿ ಇನ್ನೊಂದು ಇದೆ. ನಮ್ಮದು ಮೆಕ್ಕೆಜೋಳದ ಜಿಲ್ಲೆ. ರಸ್ತೆಯ ಅರ್ಧಕ್ಕೆ ಜೋಳ ಹರವಿರುತ್ತಾರೆ, ರೈತರು ಪಾಪ ಬೇರೆಲ್ಲಿ ಒಣಗಿಸಬೇಕು. ಎದುರಿಂದ ಬಸ್ ಬಂದರೆ ಕಾಳಿನ ಮೇಲೆ ಇಳಿಯಲೇಬೇಕು. ಆ ಕಾಳಿನ ಮೇಲೆ 250 ಕೆಜಿ, ಹಿಂದೆ ಹೆಂಡತಿ, ನಡೆಯುವ ವೇಗ, ಕಾಲು ಊರಿದರೆ ಜಾರುತ್ತದೆ. ಗಾಡಿ ಒಂದು ಸಲ ವಾಲಿತು ಅಂದರೆ ಹಿಡಿಯುವ ಮಾತೇ ಇಲ್ಲ, ಮಲಗಿಸುವುದೇ. ಹಗುರ ಗಾಡಿಗಳಲ್ಲಿ ವಾಲಿದರೂ ತೊಡೆಯಲ್ಲಿ ತಡೆದು ನಿಲ್ಲಿಸಬಹುದು. ಈ ಒಂದು ಧೈರ್ಯಕ್ಕೇ ನಾನು ಸಣ್ಣದಕ್ಕೆ ಬಂದೆ ಅಂದರೂ ತಪ್ಪಿಲ್ಲ. ಅವೆಂಜರ್ ಕ್ರೂಸ್‌ದು ಕಡ್ಡಿ ಚಕ್ರ, ಟ್ಯೂಬ್ ಟೈರ್. ಮುಳ್ಳು ಚುಚ್ಚಿದರೆ ಚಕ್ರ ಬಿಚ್ಚುವವರು ಬೇಕು. ಮೀಟಿಯೋರ್ ಟ್ಯೂಬ್‌ಲೆಸ್, ದಾರಿಯಲ್ಲೇ ನಾವೇ ತೂತಿಗೆ ರಬ್ಬರ್ ಬತ್ತಿ ಹಾಕಿಕೊಂಡು ಬರಬಹುದು.

ಮನೆಯವರ ಅಭಿಪ್ರಾಯ ಕೇಳದೆ ಕ್ರೂಸರ್ ತಗೊಳ್ಳಬೇಡಿ. ನಮ್ಮವರು ದೂರಕ್ಕೆ ಚೂಡಿದಾರ್ ಹಾಕಿ ಎರಡೂ ಕಡೆ ಕಾಲು ಹಾಕಿ ಕೂರುತ್ತಾರೆ, ಊರೊಳಗೆ ಸೀರೆಯಲ್ಲಿ ಒಂದೇ ಕಡೆ. ದೊಡ್ಡದರಲ್ಲಿ ಕೂತ ಮೇಲೆ ಸೋಫಾ, ಹತ್ತುವುದೇ ಕಷ್ಟ. ಬೆನ್ನೊರಗು ದಾಟಿಸಿ ಕಾಲು ಎತ್ತಬೇಕು, ಅಷ್ಟು ಹೊತ್ತು ನಾನು ಅಷ್ಟೂ ಭಾರ ಅಲುಗದಂತೆ ಹಿಡಿದಿರಬೇಕು. ಅವೆಂಜರ್‌ನಲ್ಲಿ ಅವರಿಗೆ ತುಂಬಾ ಆರಾಮ ಆಯಿತು, ಬೆನ್ನೊರಗೂ ಇದೆ. ನನಗೆ ಆಗಲಿಲ್ಲ. ಕಾಲು ಪೂರ್ತಿ ಮುಂದೆ ಚಾಚಿದಾಗ ಮೈಭಾರವೆಲ್ಲ ಬೆನ್ನಿನ ಕೊನೆ ಮೂಳೆಯ ಮೇಲೆ ಕೂರುತ್ತದೆ, ಗುಂಡಿ ಬಂದಾಗ ಕಾಲ ಮೇಲೆ ಎದ್ದು ತಪ್ಪಿಸಿಕೊಳ್ಳುವ ಹಾಗಿಲ್ಲ. ಮೀಟಿಯೋರ್‌ನಲ್ಲಿ ಪಾದ ಅಷ್ಟು ಮುಂದಿಲ್ಲ, ಸ್ವಲ್ಪ ಎದ್ದುಕೊಳ್ಳಬಹುದು. ಒಂದೇ ಕಡೆ ಕೂತವರು ಅಲುಗಾಡಿದರೆ ಎರಡರಲ್ಲೂ ಗೊತ್ತಾಗುತ್ತದೆ, ದೊಡ್ಡದರಲ್ಲಿ ಗೊತ್ತೇ ಆಗುತ್ತಿರಲಿಲ್ಲ.

ಹೋಂಡಾ ಹೈನೆಸ್ ಸಿಬಿ350 ಕೂಡ ಓಡಿಸಿದೆ. 181 ಕೆಜಿ, ಕ್ಲಚ್ ಬೆಣ್ಣೆ, ಇಂಜಿನ್ ಮೂರಕ್ಕಿಂತ ನಯ. ಆದರೆ ಸೀಟ್ 800 ಮಿಲಿಮೀಟರ್, ಕೂರುವ ರೀತಿಯೂ ಕ್ರೂಸರ್ ಅಲ್ಲ. ಮೊಣಕಾಲು ಬೇಡ ಅಂದಿತು. ಜಾವಾ 42 ಬಾಬರ್ ನೋಡಲು ಚೆಂದ, ಒಂದೇ ಸೀಟು, ನನಗಲ್ಲ.

ಖರ್ಚಿನ ಮಾತು ಬೇಗ ಮುಗಿಸುತ್ತೇನೆ. ನನ್ನ ಕೈಯಲ್ಲಿ ದೊಡ್ಡದು ಲೀಟರಿಗೆ ಇಪ್ಪತ್ತಮೂರು ಇಪ್ಪತ್ನಾಲ್ಕು, ಮೀಟಿಯೋರ್ ಮೂವತ್ತೈದರ ಹತ್ತಿರ, ಅವೆಂಜರ್ ಇನ್ನೊಂದೆರಡು ಜಾಸ್ತಿ. ಮೀಟಿಯೋರ್ ಟ್ಯಾಂಕ್ 15 ಲೀಟರ್, ಒಂದು ಸಲ ತುಂಬಿಸಿದರೆ ಬೆಂಗಳೂರಿಗೆ ಹೋಗಿ ಹೆಚ್ಚುಕಡಿಮೆ ವಾಪಸ್ ಬರಬಹುದು. ಥರ್ಡ್ ಪಾರ್ಟಿ ಇನ್ಶೂರೆನ್ಸ್ 2022ರಲ್ಲಿ ನಿಗದಿಯಾದ ದರದಲ್ಲಿ 350 ಸಿಸಿ ದಾಟಿದರೆ ವರ್ಷಕ್ಕೆ 2,804 ರೂಪಾಯಿ, 150ರಿಂದ 350ರ ಒಳಗಿದ್ದರೆ 1,366. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯೂ ಬದಲಾಯಿತು: 350ರವರೆಗಿನ ಬೈಕಿಗೆ ಶೇ. 18, ಅದಕ್ಕಿಂತ ದೊಡ್ಡದಕ್ಕೆ ಶೇ. 40. ಮೀಟಿಯೋರ್ 349 ಸಿಸಿ, ಗೆರೆಯ ಈಚೆಗೇ ನಿಂತಿದೆ.

ತಿಂಗಳಿಗೆ ಎರಡು ಸಲ ಬೆಂಗಳೂರು, ವರ್ಷಕ್ಕೊಮ್ಮೆ ಗೋವಾ ಅನ್ನುವವರು ಸೂಪರ್ ಮೀಟಿಯೋರ್ ಮಾರಬೇಡಿ. ನೂರರ ವೇಗದಲ್ಲಿ ಅದರ ನೆಮ್ಮದಿ ಈ ಎರಡರಲ್ಲೂ ಸಿಗುವುದಿಲ್ಲ, ನನಗೂ ಅದು ನೆನಪಾಗುತ್ತಲೇ ಇರುತ್ತದೆ. ಊರು ಬಿಟ್ಟು ಹೋಗುವುದೇ ಇಲ್ಲ, ಎತ್ತರ ಕಡಿಮೆ, ಬಜೆಟ್ ಕಡಿಮೆ ಅನ್ನುವವರಿಗೆ ಅವೆಂಜರ್ ಸಾಕು, ಗಾಜು ಬಿಚ್ಚಿಸಿಕೊಳ್ಳಿ. ನನ್ನ ಓಡಾಟ ಎರಡರ ಮಧ್ಯದ್ದು. ಅವೆಂಜರ್‌ಗಿಂತ 28 ಕೆಜಿ ಜಾಸ್ತಿ ಇದ್ದರೂ ಮೀಟಿಯೋರ್ 350ಕ್ಕೇ ಮುಂಗಡ ಕೊಟ್ಟಿದ್ದೇನೆ, ಗಾಜಿಲ್ಲದ ಮಾದರಿಗೆ. ಮನೆಯವರು ಬೆನ್ನೊರಗು ಬೇಕೇ ಬೇಕು ಅಂದಿದ್ದಾರೆ, ಅದನ್ನು ಡೆಲಿವರಿ ದಿನವೇ ಹಾಕಿಸುತ್ತೇನೆ, ಆದಷ್ಟು ಗಿಡ್ಡದ್ದು ನೋಡಿ.