ಮನೆಯೊಳಗೇ ಇರುವ ಬೆಕ್ಕಿನ ಮರಿಗೆ ಎರಡು ಡೋಸ್ ಸಾಕು ಎಂದು ನಿಲ್ಲಿಸಬೇಡಿ

11ನೇ ವಾರಕ್ಕೆ "ಲಸಿಕೆ ಮುಗೀತು" ಎಂದು ಕಾರ್ಡ್ ಎತ್ತಿಟ್ಟಿದ್ದ ಮರಿಯೊಂದು 17ನೇ ವಾರದಲ್ಲಿ ಪ್ಯಾನ್‌ಲ್ಯುಕೋಪೀನಿಯಾ ಎಂಬ ವೈರಸ್ ರೋಗದಿಂದ ಸತ್ತುಹೋಯಿತು. ಮೇಲಿನ ಮಹಡಿಯ ಮನೆ, ಬಾಲ್ಕನಿಗೆ ಬಲೆ, ಬೇರೆ ಬೆಕ್ಕಿಲ್ಲ. ಮರಿ ಒಂದು ದಿನವೂ ಹೊಸಿಲು ದಾಟಿರಲಿಲ್ಲ. 7ನೇ ವಾರದಲ್ಲಿ ಒಂದು, 11ನೇ ವಾರದಲ್ಲಿ ಇನ್ನೊಂದು ತ್ರೀ ಇನ್ ಒನ್ ಲಸಿಕೆ (ಈ ರೋಗವೂ ಸೇರಿ ಮೂರು ವೈರಸ್‌ಗಳಿಗೆ ಒಂದೇ ಚುಚ್ಚುಮದ್ದು) ಬಿದ್ದಿತ್ತು. ಮೂರನೆಯದು ಬೇಕಾ ಎಂದು ಕೇಳಿದಾಗ "ಹೊರಗೆ ಬಿಡಲ್ಲ ಅಂದ್ರೆ ಬೇಡ" ಎಂಬ ಉತ್ತರ ಸಿಕ್ಕಿತ್ತು. ಆ ಉತ್ತರವನ್ನು ನಂಬಿದ್ದು ಮನೆಯವರ ತಪ್ಪಲ್ಲ. ಆದರೆ ಉತ್ತರ ಮಾತ್ರ ತಪ್ಪು. ಇದೇ ಮಾತು ಇನ್ನೂ ಎಷ್ಟೋ ಮನೆಗಳಲ್ಲಿ ಓಡಾಡುತ್ತಿರುವುದರಿಂದ ಇದನ್ನು ವಿವರವಾಗಿ ಬರೆಯಬೇಕಾಗಿದೆ.

ಕಾಯಿಲೆ ಹೇಗೆ ಶುರುವಾಯಿತು ಎಂಬುದನ್ನು ಗಮನಿಸಿ. ಮೊದಲ ಸಂಜೆ ಮರಿ ಊಟ ಬಿಟ್ಟಿತು. ರಾತ್ರಿ ನೀರಿನ ಬಟ್ಟಲಿನ ಮುಂದೆ ಮುದುಡಿ ಕೂತು, ತಲೆಯನ್ನು ನೀರಿನ ಮೇಲೆ ಬಗ್ಗಿಸಿಕೊಂಡಿತ್ತು, ಕುಡಿಯುತ್ತಿರಲಿಲ್ಲ. ಬೆಳಗ್ಗೆ ಹಳದಿ ನೊರೆಯ ವಾಂತಿ. ಭೇದಿ ಇರಲಿಲ್ಲವಾದ್ದರಿಂದ ಹೊಟ್ಟೆಯಲ್ಲಿ ಕೂದಲು ಸೇರಿರಬೇಕು ಎಂದುಕೊಂಡು ಒಂದು ದಿನ ಕಾದರು. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮೈ ಸುಡುತ್ತಿತ್ತು, ಬಿಳಿ ರಕ್ತಕಣಗಳು ಪಾತಾಳಕ್ಕಿಳಿದಿದ್ದವು. ಡ್ರಿಪ್ ಹಾಕಿದರೂ ಮರುದಿನ ಮೈ ತಣ್ಣಗಾಗತೊಡಗಿತು. ಅಲ್ಲಿಂದ ಮುಂದೆ ಉಳಿಯುವ ಮರಿಗಳು ಕಡಿಮೆ.

ಬೆಕ್ಕು ಸಾಕುವವರಲ್ಲಿ ಹಲವರು ಇದನ್ನು ಬೆಕ್ಕಿನ ಪಾರ್ವೊ ಎನ್ನುತ್ತಾರೆ, ಅದು ಸರಿಯಾದ ಹೆಸರೇ. ಬೇಗ ಬೇಗ ಒಡೆದು ಬೆಳೆಯುವ ಜೀವಕೋಶಗಳನ್ನು ಈ ವೈರಸ್ ಕೊಲ್ಲುತ್ತದೆ. ಮೊದಲು ಕರುಳಿನ ಒಳಪದರ ಮತ್ತು ಮೂಳೆಮಜ್ಜೆ ಹೋಗುತ್ತವೆ. ಕರುಳಿನ ಗೋಡೆ ಹರಿದು ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುವ ಹೊತ್ತಿಗೇ ಅವನ್ನು ತಡೆಯಬೇಕಾದ ಬಿಳಿ ರಕ್ತಕಣಗಳು ಇರುವುದಿಲ್ಲ. ಅದಕ್ಕೇ ಮರಿ ಇಷ್ಟು ಬೇಗ ಕುಸಿಯುವುದು. ಕೆಲವು ಮರಿಗಳು ಭೇದಿ ಕಾಣಿಸಿಕೊಳ್ಳುವ ಮೊದಲೇ ಸಾಯುತ್ತವೆ. ಹಾಗಾಗಿ ಭೇದಿ ಇಲ್ಲ ಎಂಬುದು ಸಮಾಧಾನದ ವಿಷಯವಲ್ಲ. ಲಸಿಕೆ ಪೂರ್ತಿಯಾಗದ ಮರಿ ಊಟ ಬಿಟ್ಟು ವಾಂತಿ ಮಾಡಿದರೆ ಅದೇ ದಿನ ಪಶುವೈದ್ಯರ ಬಳಿ ಹೋಗಿ, ರಕ್ತದ ಎಣಿಕೆ ಮತ್ತು ಮಲದ ಪಾರ್ವೊ ಪರೀಕ್ಷೆ ಎರಡನ್ನೂ ಕೇಳಿ. ನಾಯಿಗಳಿಗೆ ಬಳಸುವ ಪಾರ್ವೊ ಪರೀಕ್ಷೆಯ ಪಟ್ಟಿಯೇ (ಟೆಸ್ಟ್ ಸ್ಟ್ರಿಪ್) ಬೆಕ್ಕಿಗೂ ಕೆಲಸ ಮಾಡುತ್ತದೆ. ಪಟ್ಟಿ ನೆಗೆಟಿವ್ ಬಂದಿತೆಂದು ರೋಗವಿಲ್ಲ ಎಂದುಕೊಳ್ಳಬೇಡಿ. ಇತ್ತೀಚೆಗೆ ಲಸಿಕೆ ಬಿದ್ದಿದ್ದರೆ ಅದನ್ನೂ ಹೇಳಿ, ಲಸಿಕೆಯ ವೈರಸ್‌ನಿಂದಲೂ ಕೆಲವು ದಿನ ಪಟ್ಟಿಯಲ್ಲಿ ತೆಳುಗೆರೆ ಮೂಡಬಹುದು.

ಹೊಸಿಲು ದಾಟದ ಮರಿಗೆ ವೈರಸ್ ಎಲ್ಲಿಂದ ಬಂತು? ಚಪ್ಪಲಿಯಲ್ಲಿ, ಪ್ಯಾಂಟಿನ ಅಂಚಿನಲ್ಲಿ, ಯಾರೋ ಕೊಟ್ಟ ಹಳೆಯ ಬುಟ್ಟಿ ಅಥವಾ ಲಿಟರ್ ಟ್ರೇಯಲ್ಲಿ ಬರಬಹುದು. ಬೀದಿ ಬೆಕ್ಕನ್ನು ಸವರಿ ಬಂದ ಕೈಯಲ್ಲೂ ಬರಬಹುದು. ಈ ವೈರಸ್‌ಗೆ ಕೊಬ್ಬಿನ ಹೊರಪೊರೆ ಇಲ್ಲ. ಹಾಗಾಗಿ ಸೋಪು, ಸ್ಯಾನಿಟೈಸರ್, ಫಿನಾಯಿಲ್ ಇದಕ್ಕೆ ತಾಗುವುದಿಲ್ಲ. ಕೋಣೆಯ ಉಷ್ಣತೆಯಲ್ಲಿ ಒಂದು ವರ್ಷದವರೆಗೂ ಬದುಕಿರಬಲ್ಲದು. ನಾಯಿಗಳ ಪಾರ್ವೊ ವೈರಸ್‌ನ ಈಗಿನ ತಳಿಗಳೂ ಬೆಕ್ಕಿಗೆ ಅಂಟುತ್ತವೆ, ಆದ್ದರಿಂದ ಮನೆಯಲ್ಲಿ ವಾಕಿಂಗ್ ಹೋಗಿ ಬರುವ ನಾಯಿ ಇದ್ದರೆ ಆ ದಾರಿಯೂ ತೆರೆದೇ ಇದೆ. ರೋಗವಿರುವ ಬೆಕ್ಕನ್ನು ಮರಿ ಕಣ್ಣಲ್ಲಿ ನೋಡಿರಬೇಕೆಂದೇ ಇಲ್ಲ.

ಈಗ ಮುಖ್ಯ ಪ್ರಶ್ನೆ: ಎರಡು ಡೋಸ್ ಬಿದ್ದಿದ್ದರೂ ರಕ್ಷಣೆ ಏಕೆ ಸಿಗಲಿಲ್ಲ? ತಾಯಿಬೆಕ್ಕಿನ ಗಿಣ್ಣುಹಾಲಿನಿಂದ ಮರಿಗೆ ಹುಟ್ಟಿದ ಮೊದಲ ದಿನವೇ ಪ್ರತಿಕಾಯಗಳು ಸಿಗುತ್ತವೆ. ಆರಂಭದ ವಾರಗಳಲ್ಲಿ ಮರಿಯನ್ನು ಕಾಯುವುದು ಇವೇ. ಆದರೆ ಲಸಿಕೆಯೊಳಗಿನ ದುರ್ಬಲಗೊಳಿಸಿದ ವೈರಸ್ಸನ್ನೂ ಇವು ಶತ್ರುವೆಂದೇ ತಿಳಿದು ಹೊಡೆದುಹಾಕುತ್ತವೆ. ಸೂಜಿ ಚುಚ್ಚಿದ್ದು ನಿಜ, ಕಾರ್ಡಿನಲ್ಲಿ ಸ್ಟಿಕ್ಕರ್ ಅಂಟಿದ್ದೂ ನಿಜ. ಮರಿಯ ಮೈ ಮಾತ್ರ ಏನನ್ನೂ ಕಲಿತಿರುವುದಿಲ್ಲ. ಇನ್ನೂ ಅಪಾಯದ ಸಂಗತಿಯೆಂದರೆ, ತಾಯಿಯಿಂದ ಬಂದ ಪ್ರತಿಕಾಯ ಕರಗುತ್ತಾ ಬಂದು, ನಿಜವಾದ ರೋಗವನ್ನು ತಡೆಯಲು ಸಾಲದಷ್ಟು, ಆದರೆ ಲಸಿಕೆಯನ್ನು ಕೆಡಿಸಲು ಸಾಕಾಗುವಷ್ಟು ಉಳಿಯುವ ಕೆಲವು ವಾರಗಳು ಬಂದೇ ಬರುತ್ತವೆ. ಆ ವಾರಗಳು ಒಂದು ಮರಿಗೆ 8ಕ್ಕೆ ಮುಗಿಯಬಹುದು, ಅದೇ ಸೂಲಿನ ಇನ್ನೊಂದಕ್ಕೆ 16ರವರೆಗೂ ಎಳೆಯಬಹುದು. ಕೆಲವು ಮರಿಗಳಲ್ಲಿ ಅದನ್ನೂ ದಾಟುತ್ತದೆ. ಯಾವ ಮರಿ ಎಷ್ಟು ಗಿಣ್ಣುಹಾಲು ಕುಡಿಯಿತು ಎಂಬುದರ ಮೇಲೆ ಇದೆಲ್ಲ ನಿಂತಿದೆ. ಮೇಲೆ ಹೇಳಿದ ಮರಿಯ ವಿಷಯದಲ್ಲೂ ಇದೇ ಆಗಿರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು.

ಅಂದರೆ ಮೂರು ಡೋಸ್‌ಗಳು ಒಂದರ ಮೇಲೊಂದು ಕೂಡುತ್ತಾ ಹೋಗುವ ಕಂತುಗಳಲ್ಲ. ಪ್ಯಾನ್‌ಲ್ಯುಕೋಪೀನಿಯಾ ಮಟ್ಟಿಗೆ ಅವು ಮೂರು ಪ್ರಯತ್ನಗಳು, ಅವುಗಳಲ್ಲಿ ಯಾವುದು ಹಿಡಿಯಿತೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಆದ್ದರಿಂದ ಡೋಸ್ ಎಣಿಸಬೇಡಿ, ಕೊನೆಯ ಡೋಸ್ ಯಾವ ವಯಸ್ಸಿಗೆ ಬಿತ್ತು ಎಂದು ನೋಡಿ. 6ರಿಂದ 8ನೇ ವಾರದೊಳಗೆ ಶುರುಮಾಡಿ, 3ರಿಂದ 4 ವಾರಕ್ಕೊಮ್ಮೆ ಕೊಡುತ್ತಾ, ಕೊನೆಯದು 16ನೇ ವಾರದಲ್ಲಿ ಅಥವಾ ಅದಾದ ಮೇಲೆ ಬೀಳಬೇಕು. 8, 12, 16 ಸುಲಭದ ಲೆಕ್ಕ. 7ಕ್ಕೆ ಶುರುಮಾಡಿದವರು 7, 11, 15 ಎಂದು ಹೋಗಿ ಮೂರಾಯಿತಲ್ಲ ಎಂದು ನಿಲ್ಲಿಸುತ್ತಾರೆ, ಅದು ಸಾಲದು. 7, 10, 13, 16 ಎಂದು ಮೊದಲೇ ದಿನ ಗುರುತು ಹಾಕಿಕೊಳ್ಳಿ. ಎರಡು ಡೋಸ್‌ಗಳ ನಡುವೆ ಎರಡು ವಾರಕ್ಕಿಂತ ಕಡಿಮೆ ಅಂತರವೂ ಬೇಡ, ಹಿಂದಿನ ಡೋಸ್‌ನ ಪ್ರತಿಕ್ರಿಯೆಯೇ ಮುಂದಿನದಕ್ಕೆ ಅಡ್ಡಬರುತ್ತದೆ.

ಇದಾದ ಮೇಲೆ ಮುಂದಿನ ಡೋಸ್ ಒಂದು ವರ್ಷಕ್ಕೆ ಎಂದು ಹಿಂದಿನಿಂದ ರೂಢಿ. ಡಬ್ಲ್ಯುಎಸ್‌ಎವಿಎ ಎಂಬ ಜಾಗತಿಕ ಪಶುವೈದ್ಯ ಸಂಘಟನೆಯ ಮಾರ್ಗಸೂಚಿ ಅದನ್ನು 26ನೇ ವಾರಕ್ಕೆ, ಅಂದರೆ ಆರು ತಿಂಗಳಿಗೆ ಹಿಂದಕ್ಕೆ ತಂದಿದೆ. ಕಾರಣ ಸರಳ. 16ನೇ ವಾರದ ಡೋಸ್ ಕೂಡ ಹಿಡಿಯದ ಕೆಲವು ಮರಿಗಳಿರುತ್ತವೆ. ಅವನ್ನು ಒಂದು ವರ್ಷದವರೆಗೆ ರಕ್ಷಣೆಯಿಲ್ಲದೆ ಬಿಡುವುದು ಸರಿಯಲ್ಲ. ಆರು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆಯ ಮಾತು ಹೇಗೂ ಬರುತ್ತದೆ, ಆ ಭೇಟಿಗೇ ಇದನ್ನು ಸೇರಿಸಿಕೊಳ್ಳುವುದು ಒಳ್ಳೆಯದು. ಅಲ್ಲಿಂದ ಮುಂದೆ ಒಂಟಿಯಾಗಿ ಮನೆಯೊಳಗೇ ಇರುವ ಬೆಕ್ಕಿಗೆ ಈ ಲಸಿಕೆ ಮೂರು ವರ್ಷಕ್ಕೊಮ್ಮೆ ಸಾಕು. ಮನೆಯೊಳಗಿನ ಬೆಕ್ಕು ಎಂಬ ಕಾರಣಕ್ಕೆ ಏನಾದರೂ ಕಡಿಮೆ ಮಾಡುವುದಿದ್ದರೆ ಇಲ್ಲಿ ಮಾಡಿ, ಮರಿಯ ಮೊದಲ ಆರು ತಿಂಗಳಲ್ಲಿ ಬೇಡ.

ಸಿಕ್ಕ ಮರಿಯಾಗಿದ್ದು ವಯಸ್ಸು ಗೊತ್ತಿಲ್ಲದಿದ್ದರೆ ಬಾಯಿ ನೋಡಿಸಿ. ಮುಂದಿನ ಸಣ್ಣ ಹಾಲುಹಲ್ಲುಗಳು ಬಿದ್ದು ಹೊಸ ಹಲ್ಲು ಬರುವುದು ಸುಮಾರು ಮೂರೂವರೆ, ನಾಲ್ಕು ತಿಂಗಳಿಗೆ. ಅವಿನ್ನೂ ಬದಲಾಗಿಲ್ಲದಿದ್ದರೆ 16 ವಾರ ಕಳೆದಿದೆ ಎಂದು ಲೆಕ್ಕ ಹಾಕಬೇಡಿ. ಅನುಮಾನ ಬಂದರೆ ಮರಿಯನ್ನು ಚಿಕ್ಕದೆಂದೇ ಎಣಿಸಿ ಒಂದು ಡೋಸ್ ಹೆಚ್ಚಾದರೂ ಹಾಕಿಸಿ. ನಡುವೆ ಡೋಸ್ ತಪ್ಪಿ ಆರು ವಾರಕ್ಕಿಂತ ಹೆಚ್ಚಾಗಿಬಿಟ್ಟಿದ್ದರೆ, ಮತ್ತೆ 3ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಕೊಡಿಸುವುದು ಕ್ಷೇಮ.

ತ್ರೀ ಇನ್ ಒನ್‌ನಲ್ಲಿ ಉಳಿದ ಎರಡು, ಹರ್ಪಿಸ್ ಮತ್ತು ಕ್ಯಾಲಿಸಿ ವೈರಸ್‌ಗಳದ್ದು. ಇವು ಬೆಕ್ಕಿನ ನೆಗಡಿ, ಕಣ್ಣಿನ ಪಿಸುರು, ಬಾಯಿಹುಣ್ಣು ತರುತ್ತವೆ. ಕ್ಯಾಲಿಸಿಯಿಂದ ಕೆಲವು ಮರಿಗಳು ಒಂದೆರಡು ದಿನ ಕುಂಟುವುದೂ ಉಂಟು. ಇವುಗಳ ಲಸಿಕೆ ಸೋಂಕನ್ನು ಪೂರ್ತಿ ತಡೆಯುವುದಿಲ್ಲ, ಕಾಯಿಲೆ ಜೋರಾಗದಂತೆ ನೋಡಿಕೊಳ್ಳುತ್ತದೆ ಅಷ್ಟೆ. ಹರ್ಪಿಸ್ ಒಮ್ಮೆ ಹೊಕ್ಕರೆ ನರದ ಗಂಟಿನಲ್ಲಿ ಜೀವನಪೂರ್ತಿ ಅಡಗಿರುತ್ತದೆ. ಮನೆ ಬದಲಾದಾಗ, ಹೊಸ ಬೆಕ್ಕು ಬಂದಾಗ ಮತ್ತೆ ಕೆರಳುತ್ತದೆ. ಆದ್ದರಿಂದ ಲಸಿಕೆಯ ನಂತರವೂ ಸೀನಿತು ಎಂದು ಮುಂದಿನ ಡೋಸ್ ಕೈಬಿಡಬೇಡಿ.

ರೇಬಿಸ್ ಬೇರೆಯದೇ ಲಸಿಕೆ, ತ್ರೀ ಇನ್ ಒನ್‌ನಲ್ಲಿ ಅದು ಸೇರಿಲ್ಲ. ಇದು ಗೊತ್ತಿಲ್ಲದೆ "ಎಲ್ಲಾ ಹಾಕಿಸಿದ್ದೇವೆ" ಎನ್ನುವವರು ಬಹಳ. ಸಾಮಾನ್ಯವಾಗಿ 12ನೇ ವಾರದಿಂದ ಕೊಡುತ್ತಾರೆ, ಒಂದು ವರ್ಷಕ್ಕೆ ಮತ್ತೊಂದು, ಆಮೇಲೆ ಆಯಾ ಲಸಿಕೆಯ ಲೇಬಲ್ ಮತ್ತು ಆಯಾ ಊರಿನ ಕಾನೂನಿನಂತೆ ವರ್ಷಕ್ಕೊಮ್ಮೆ ಅಥವಾ ಮೂರು ವರ್ಷಕ್ಕೊಮ್ಮೆ. ರೇಬಿಸ್ ಇರುವ ಪ್ರದೇಶದಲ್ಲಿ ಮನೆಯೊಳಗಿನ ಬೆಕ್ಕಿಗೂ ಇದನ್ನು ಬಿಡುವಂತಿಲ್ಲ. ಕಿಟಕಿಯಿಂದ ಬಾವಲಿ ಬರುತ್ತದೆ, ಬಾಗಿಲ ಸಂದಿಯಲ್ಲಿ ಬೆಕ್ಕು ತಪ್ಪಿಸಿಕೊಳ್ಳುತ್ತದೆ. ಲಕ್ಷಣ ಕಾಣಿಸಿಕೊಂಡ ಮೇಲೆ ಈ ರೋಗಕ್ಕೆ ಮದ್ದಿಲ್ಲ, ಮತ್ತು ಅಪಾಯ ಬೆಕ್ಕಿಗಷ್ಟೇ ಅಲ್ಲ, ಮನೆಯ ಮಕ್ಕಳಿಗೂ ಇದೆ.

ಫೆಲೈನ್ ಲ್ಯುಕೀಮಿಯಾ (ಬೆಕ್ಕಿಗೆ ರಕ್ತದ ಕ್ಯಾನ್ಸರ್ ತರಬಲ್ಲ ವೈರಸ್) ಲಸಿಕೆಯ ವಿಷಯದಲ್ಲಿ ಮಾತ್ರ ನಿಜವಾಗಿಯೂ ಯೋಚಿಸಿ ನಿರ್ಧರಿಸಬಹುದು. ಈ ವೈರಸ್ ಜೊಲ್ಲಿನಿಂದ, ಒಂದನ್ನೊಂದು ನೆಕ್ಕುವುದರಿಂದ ಹರಡುತ್ತದೆ, ಹೊರಗೆ ಬೇಗ ಸಾಯುತ್ತದೆ, ಚಪ್ಪಲಿಯಲ್ಲಿ ಬರುವಂಥದ್ದಲ್ಲ. ಮರಿಯ ರಕ್ತಪರೀಕ್ಷೆ ನೆಗೆಟಿವ್ ಬಂದು, ಅದು ಒಂಟಿಯಾಗಿಯೇ ಇರುತ್ತದೆ ಎಂಬುದು ಖಚಿತವಿದ್ದರೆ ಬಿಡಲು ಕಾರಣವಿದೆ. ಆದರೆ ಮರಿ ದೊಡ್ಡದಾದ ಮೇಲೆ ಹೊರಗೆ ಓಡುವುದೋ, ಮನೆಗೆ ಇನ್ನೊಂದು ಬೆಕ್ಕು ಬರುವುದೋ ಯಾರಿಗೆ ಗೊತ್ತು? ಎಳೆ ವಯಸ್ಸಿನಲ್ಲೇ ಈ ವೈರಸ್‌ಗೆ ಬೇಗ ಬಲಿಯಾಗುವುದರಿಂದ ಮೊದಲ ವರ್ಷ ಕೊಡಿಸುವುದೇ ಮೇಲು. 8ನೇ ವಾರದ ನಂತರ 3ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ಪರೀಕ್ಷೆ ಮಾಡಿಸಿದ ಮೇಲೆಯೇ. ಈಗಾಗಲೇ ಸೋಂಕಿದ್ದರೆ ಲಸಿಕೆಯಿಂದ ಪ್ರಯೋಜನವಿಲ್ಲ. ಎಫ್‌ಐಪಿ (ಬೆಕ್ಕಿನ ಕೊರೊನಾ ವೈರಸ್‌ನಿಂದ ಬರುವ ರೋಗ), ಕ್ಲಮೈಡಿಯಾ, ಬೋರ್ಡೆಟೆಲ್ಲಾ (ಇವೆರಡೂ ಬ್ಯಾಕ್ಟೀರಿಯಾ ಸೋಂಕು) ಲಸಿಕೆಗಳು ಒಂಟಿ ಮರಿಗೆ ಬೇಡ.

ಲಸಿಕೆ ಹಾಕಿಸುವಾಗ ಕೆಡುವ ಸಂಗತಿಗಳು ಕೆಲವಿವೆ. ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದ್ದಿರಬೇಕು. ಅಂಗಡಿಯಿಂದ ಕೊಂಡು ಜೇಬಿನಲ್ಲಿಟ್ಟು ತರಬೇಡಿ, ಐಸ್ ಗಡ್ಡೆಗೆ ಅಂಟಿಸಿ ಹೆಪ್ಪುಗಟ್ಟಿಸಲೂ ಬೇಡಿ. ಪುಡಿ ಮತ್ತು ದ್ರವ ಬೆರೆಸಿದ ಕೂಡಲೇ ಚುಚ್ಚಬೇಕು, ಬೆರೆಸಿ ಇಟ್ಟದ್ದನ್ನು ಒಪ್ಪಬೇಡಿ. ಮರಿ ಚಿಕ್ಕದೆಂದು ಅರ್ಧ ಡೋಸ್ ಕೊಡುವುದು ತಪ್ಪು, ಎರಡು ಮರಿಗೆ ಹಂಚುವುದಂತೂ ಇನ್ನೂ ತಪ್ಪು. ಜ್ವರವಿದ್ದರೆ ಮುಂದೂಡಿ. ಕಾರ್ಡಿನಲ್ಲಿ ಬಾಟಲಿಯ ಸ್ಟಿಕ್ಕರ್, ಬ್ಯಾಚ್ ಸಂಖ್ಯೆ, ಚುಚ್ಚಿದ ಜಾಗ ಇರಲಿ.

ಮನೆಯಲ್ಲಿ ಈ ರೋಗದಿಂದ ಮರಿ ಸತ್ತಿದ್ದರೆ, ಮೊದಲು ಸೋಪಿನಿಂದ ಕೊಳೆ ತೆಗೆದು, ಆಮೇಲೆ ಮನೆಬಳಕೆಯ ಬ್ಲೀಚ್‌ನ 1 ಪಾಲಿಗೆ ನೀರು 31 ಪಾಲು ಬೆರೆಸಿ, ನೆಲ ಮತ್ತು ಟ್ರೇ 10 ನಿಮಿಷ ಒದ್ದೆಯಾಗಿಯೇ ಇರುವಂತೆ ಒರೆಸಿ. ಕೊಳೆಯ ಮೇಲೆ ಬ್ಲೀಚ್ ಕೆಲಸ ಮಾಡುವುದಿಲ್ಲ, ಮೂತ್ರದ ಮೇಲೆ ಸುರಿದರೆ ಕೆಟ್ಟ ಹೊಗೆ ಬರುತ್ತದೆ. ಬುಟ್ಟಿ, ಮರದ ಗೀರುಗಂಬ, ಕಾರ್ಪೆಟ್ ಇಟ್ಟುಕೊಳ್ಳಬೇಡಿ. ಒಂದು ವರ್ಷದವರೆಗೆ ಆ ಮನೆಗೆ ಲಸಿಕೆ ಪೂರ್ತಿಯಾಗದ ಮರಿ ಬರಬಾರದು.

ಲಸಿಕೆಯ ನಂತರ ಒಂದೆರಡು ದಿನ ಮಂಕಾಗಿರುವುದು ಸಹಜ. ಮುಖ ಊದುವುದು, ಮತ್ತೆ ಮತ್ತೆ ವಾಂತಿ, ಏದುಸಿರು ಕಂಡರೆ ಕೂಡಲೇ ವಾಪಸ್ ಓಡಿ, ಅದಕ್ಕೇ ಆಸ್ಪತ್ರೆಯಲ್ಲಿ ಅರ್ಧ ಗಂಟೆ ಕೂತು ಬರುವುದು ಒಳ್ಳೆಯದು. ಭುಜದ ನಡುವೆ ಚುಚ್ಚುವ ಬದಲು ಕಾಲಿನ ಕೆಳಭಾಗದಲ್ಲಿ ಚುಚ್ಚಲು ಕೇಳಿ. ಬೆಕ್ಕುಗಳಲ್ಲಿ ಚುಚ್ಚಿದ ಜಾಗದಲ್ಲಿ ಗಡ್ಡೆ ಕ್ಯಾನ್ಸರ್ ಆಗುವುದು ತೀರ ಅಪರೂಪ, ಆದರೆ ಒಂದು ವೇಳೆ ಆದರೂ ಗಡ್ಡೆ ಕಾಲಿನಲ್ಲಿದ್ದರೆ ತೆಗೆಯಬಹುದು, ಭುಜದ ನಡುವೆ ಕಷ್ಟ. ಸಣ್ಣ ಗಂಟು ಕೆಲವು ವಾರ ಇರಬಹುದು. ಮೂರು ತಿಂಗಳಾದರೂ ಕರಗದಿದ್ದರೆ, 2 ಸೆಂಟಿಮೀಟರ್ ಮೀರಿದರೆ, ಅಥವಾ ಒಂದು ತಿಂಗಳ ನಂತರವೂ ಬೆಳೆಯುತ್ತಿದ್ದರೆ, ಈ ಮೂರರಲ್ಲಿ ಯಾವುದಾದರೂ ಒಂದಿದ್ದರೂ ಬಯಾಪ್ಸಿ ಮಾಡಿಸಿ.